ಹತ್ತು ಕಲ್ಲು, ಒಂಬತ್ತು ಜನ: ಚನ್ನರಾಯಪಟ್ಟಣ ಸೀಮೆಯ ಒಂದು ಪಾಳು ಗಣಿ ಭೇಟಿಯ ಪ್ರಕರಣ ಅಧ್ಯಯನ

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ, ಕೆಲಸ ನಿಂತು ದಶಕಗಳೇ ಕಳೆದಿರುವ ಒಂದು ಸಣ್ಣ ಕ್ರೋಮೈಟ್ (ಕ್ರೋಮಿಯಂ ಲೋಹದ ಅದಿರು) ಸುರಂಗಕ್ಕೆ, ಭೂವಿಜ್ಞಾನ ಓದುತ್ತಿರುವ 14 ವಿದ್ಯಾರ್ಥಿಗಳನ್ನು ತರಬೇತುದಾರರೊಬ್ಬರ ಮುಂದಾಳತ್ವದಲ್ಲಿ ಕರೆದೊಯ್ದ ಒಂದು ಏಪ್ರಿಲ್ ಮಧ್ಯಾಹ್ನದ ವಿವರ ಇದು. ಯಾರಿಗೂ ಪೆಟ್ಟಾಗಲಿಲ್ಲ, ಪತ್ರಿಕೆಯಲ್ಲಿ ಸುದ್ದಿಯಾಗಲಿಲ್ಲ, ಸಂಜೆ ಏಳಕ್ಕೆಲ್ಲ ಎಲ್ಲರೂ ಚಹಾ ಕುಡಿದು ಬಸ್ಸು ಹತ್ತಿದ್ದರು. ಹಾಗಾಗಿಯೇ ಇದನ್ನು ಮರೆಯುವುದು ಸುಲಭವಿತ್ತು. ಗಣಿ ಸರ್ವೆ ಕೆಲಸದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದ ನಾನು ಆ ತಂಡದ ಕೊನೆಯಲ್ಲಿ ನಡೆದವನು. ಮುಂದೆ ಬರುವ ತಪ್ಪುಗಳಲ್ಲಿ ಒಂದು ನನ್ನದು. ಊರಿನ ಹೆಸರನ್ನೂ ಸುರಂಗದ ದಿಕ್ಕುದೆಸೆಯನ್ನೂ ಬೇಕೆಂದೇ ಬರೆದಿಲ್ಲ. ಇಂಥ ಜಾಗದ ಗುರುತು ಒಮ್ಮೆ ಫೋನಿನಿಂದ ಫೋನಿಗೆ ಹರಿದಾಡಿತೆಂದರೆ ಮುಂದಿನ ಭಾನುವಾರ ಅಲ್ಲಿ ಎಷ್ಟು ಬೈಕು ನಿಂತಿರುತ್ತವೆ ಎಂಬುದನ್ನು ನಮ್ಮ ಜಿಲ್ಲೆಯ ಬೆಟ್ಟಗಳಲ್ಲಿ ಈಗಾಗಲೇ ಕಂಡಿದ್ದೇವೆ.

ಜಾಗ ಎಂಥದು

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಮೇಘಾಲಯದಂತೆ ಕಿಲೋಮೀಟರುಗಟ್ಟಲೆ ಸಾಗುವ ಸುಣ್ಣಕಲ್ಲಿನ ಗುಹೆಗಳಿಲ್ಲ. ಗುಹೆ ಎಂದುಕೊಂಡು ಇಲ್ಲಿ ಜನ ನುಗ್ಗುವುದು ಬಂಡೆಗಳ ಸಂದಿಗೆ, ಜಂಬಿಟ್ಟಿಗೆಯ ಪೊಟರೆಗೆ, ಇಲ್ಲವೇ ಯಾವುದೋ ಕಾಲದಲ್ಲಿ ಅಗೆದು ಬಿಟ್ಟ ಗಣಿಗೆ. ಈ ಮೂರನ್ನೂ ಒಂದೇ ಹೆಸರಿನಿಂದ ಕರೆಯುವುದರಲ್ಲೇ ಅಪಾಯದ ಬೇರಿದೆ. ಪ್ರಕೃತಿ ಕೊರೆದ ಗುಹೆ ಸಾವಿರಾರು ವರ್ಷ ನಿಂತು, ಬೀಳಬೇಕಾದ ಕಲ್ಲುಗಳನ್ನೆಲ್ಲ ಹೆಚ್ಚುಕಡಿಮೆ ಬೀಳಿಸಿಕೊಂಡು, ತನ್ನ ಭಾರವನ್ನು ತಾನೇ ಹೊಂದಿಸಿಕೊಂಡಿರುತ್ತದೆ. ಗಣಿ ಹಾಗಲ್ಲ. ಅದನ್ನು ಮದ್ದು ಹಾಕಿ ಒಡೆದವರು ಅಂದಿನ ಕೆಲಸ ಮುಗಿಯುವಷ್ಟು ದಿನ ನಿಂತರೆ ಸಾಕೆಂಬ ಲೆಕ್ಕದಲ್ಲಿ ಒಡೆದಿರುತ್ತಾರೆ, ಆ ಲೆಕ್ಕದ ಅವಧಿ ಮುಗಿದ ಮೇಲೆ ನಾವು ಒಳಗೆ ಹೋಗುತ್ತೇವೆ.

ಈ ಸುರಂಗವಿರುವುದು ನುಗ್ಗೇಹಳ್ಳಿ ಶಿಸ್ಟ್ (ಪದರಗಲ್ಲು) ಪಟ್ಟಿಯಲ್ಲಿ. ಸುಮಾರು 60 ಕಿಲೋಮೀಟರ್ ಉದ್ದಕ್ಕೆ, ಎರಡು ಕಿಲೋಮೀಟರ್ ಮೀರದ ಅಗಲಕ್ಕೆ ಚಾಚಿಕೊಂಡಿರುವ ಈ ಪಟ್ಟಿಯ ಕಲ್ಲುಗಳಿಗೆ ಮುನ್ನೂರು ಕೋಟಿ ವರ್ಷಕ್ಕೂ ಮೀರಿದ ವಯಸ್ಸು. ಬೈರಾಪುರದ ಸುತ್ತಮುತ್ತ ಕ್ರೋಮೈಟ್ ತೆಗೆದದ್ದು ಇದರಲ್ಲೇ, ಕೆಂಪಿನಕೋಟೆಯಲ್ಲಿ ಯಾವ ಕಾಲದಲ್ಲೋ ಚಿನ್ನಕ್ಕಾಗಿ ಅಗೆದ ಹಳೆಯ ಹೊಂಡಗಳಿರುವುದೂ ಇದರಲ್ಲೇ. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯವನ್ನು 1246ರಲ್ಲಿ ಕಟ್ಟಿದ ಶಿಲ್ಪಿಗಳಿಗೆ ಬಳಪದ ಕಲ್ಲಿನ ಮೆತ್ತನೆಯ ಗುಣ ವರವಾಗಿತ್ತು. ಅದರ ಹತ್ತಿರದ ನೆಂಟನಾದ ಸರ್ಪೆಂಟಿನೈಟಿನೊಳಗೆ ಸುರಂಗ ಹೊಡೆದವರಿಗೆ ಅದೇ ಗುಣ ತಲೆನೋವು. ಈ ಕಲ್ಲಿನ ಬಿರುಕುಗಳ ಒಳಮೈ ಎಣ್ಣೆ ಸವರಿದ ಕರಿಹಲಗೆಯಂತೆ ನುಣುಪಾಗಿರುತ್ತದೆ. ಕೈಯಾಡಿಸಿದರೆ ಸೋಪಿನಂತೆ ಜಾರುತ್ತದೆ. ಸುರಂಗದ ನೆತ್ತಿಯಲ್ಲಿ ಅಂಥ ಎರಡು ಬಿರುಕುಗಳು ಕೂಡಿದವೆಂದರೆ ನಡುವಿನ ಕಲ್ಲನ್ನು ಹಿಡಿದಿಡುವುದಕ್ಕೆ ಏನೂ ಇಲ್ಲ.

ಸುರಂಗ ಗುಡ್ಡದ ಪಕ್ಕದಿಂದ ನೇರವಾಗಿ ಒಳಹೋಗುತ್ತದೆ, ನೀರು ತಾನಾಗಿ ಹೊರಹರಿಯಲೆಂದು ಒಳಮುಖವಾಗಿ ತುಸು ಏರಿದೆ. ಒಟ್ಟು ಉದ್ದ 110 ಮೀಟರ್. 32ನೇ ಮೀಟರಿನಲ್ಲಿ ಎಡಕ್ಕೆ ಹನ್ನೆರಡು ಮೀಟರಿನ ಒಂದು ಕುರುಡು ಕವಲು. 65ನೇ ಮೀಟರಿನಲ್ಲಿ ಎದೆಮಟ್ಟದಲ್ಲಿ ಕಪ್ಪು ಕ್ರೋಮೈಟಿನ ಒಂದು ಪಟ್ಟೆ ಕಾಣುತ್ತದೆ; ವಿದ್ಯಾರ್ಥಿಗಳು ನೋಡಬೇಕೆಂದಿದ್ದದ್ದು ಅದನ್ನೇ. 84ನೇ ಮೀಟರಿನಲ್ಲಿ ನೆಲದಿಂದ ಕೆಳಕ್ಕೆ ಇಳಿಯುವ ವಿಂಜ್, ಅಂದರೆ ಗಣಿಯೊಳಗಿನ ಬಾವಿ, ಅಂಚಿನವರೆಗೂ ನೀರು ತುಂಬಿ ನಿಂತಿದೆ.

ಆ ಬಾವಿಯ ವಿಷಯವನ್ನು ಮೊದಲು ಹೇಳಿದವರು ಹಿಂದೆ ಅಲ್ಲಿ ಕೆಲಸ ಮಾಡಿದ್ದ ಮೇಸ್ತ್ರಿಗಳು. ಎಪ್ಪತ್ತು ದಾಟಿದ ಅವರನ್ನು ನಾವು ಹುಡುಕಿಕೊಂಡು ಹೋಗಿದ್ದೆವು. "ಮುಂದ್ಕೆ ಹೋಗ್ಬೇಡಿ ಸ್ವಾಮಿ, ನೀರಿನ ಮ್ಯಾಲೆ ಧೂಳು ಕೂತ್ಕೊಂಡು ನೆಲ ಕಂಡಂಗೆ ಕಾಣ್ತದೆ, ನೆಲ ಅಲ್ಲ ಅದು" ಎಂದರು. ಒಳಗೆ ಹೋಗಿ ನೋಡಿದಾಗ ಅದು ಅಕ್ಷರಶಃ ನಿಜವಾಗಿತ್ತು. ಅಲುಗಾಡದ ನೀರಿನ ಮೇಲೆ ಬೂದುಬಣ್ಣದ ಕೆನೆ ಕಟ್ಟಿತ್ತು, ಟಾರ್ಚಿನ ಬೆಳಕಿಗೆ ಒಣಗಿದ ಕೆಸರಿನಂತೆ ತೋರುತ್ತಿತ್ತು, ಹಾರೆಯ ತುದಿಯನ್ನು ಊರಿದರೆ ಒಂದಿಷ್ಟೂ ತಡೆಯಿಲ್ಲದೆ ಇಳಿಯಿತು. ಅಲ್ಲಿ ಇಲಾಖೆಯ ಯಾವ ಕಾಗದಕ್ಕಿಂತ ಮೇಸ್ತ್ರಿಗಳ ಮಾತು ಹೆಚ್ಚು ಬೆಲೆಬಾಳಿತು ಎಂದು ಬರೆಯಲು ನನಗೆ ಸಂಕೋಚವಿಲ್ಲ.

ಫೆಬ್ರುವರಿಯ ತಪಾಸಣೆ

ತರಬೇತುದಾರರು ಚಿಕ್ಕಮಗಳೂರಿನವರು, ಹಗ್ಗದ ಕೆಲಸದಲ್ಲಿ ಪಳಗಿದವರು, ಮೇಘಾಲಯದ ಗುಹೆಗಳಲ್ಲಿ ಹಲವು ಬಾರಿ ಇಳಿದವರು. ಗುಹೆಯ ಅನುಭವ ಗಣಿಗೆ ಸಾಲದು ಎಂಬುದನ್ನು ಅವರೇ ಮೊದಲು ಎತ್ತಿದರು, ಆ ಕಾರಣಕ್ಕೇ ನನ್ನನ್ನು ಕರೆದರು. ಬ್ರಿಟನ್ನಿನಲ್ಲಿ 1993ರ ಲೈಮ್ ಬೇ ದುರಂತದಲ್ಲಿ ನಾಲ್ವರು ಹದಿಹರೆಯದವರು ಸಮುದ್ರದಲ್ಲಿ ಸತ್ತ ಮೇಲೆ, 1995ರಲ್ಲಿ, ಮಕ್ಕಳನ್ನು ಸಾಹಸಕ್ಕೆ ಕರೆದೊಯ್ಯುವವರಿಗೆ ಪರವಾನಗಿ ಕಡ್ಡಾಯ ಮಾಡುವ ಕಾಯ್ದೆ ಬಂತು. ಅದರ ಅಡಿಯಲ್ಲಿ ಗುಹೆ ಎಂದರೆ ಕೆಲಸ ನಿಂತ ಗಣಿಯೂ ಸೇರುತ್ತದೆ. ಅಲ್ಲಿನ ಮುಂದಾಳುಗಳ ಅರ್ಹತೆ ಎಲ್ಲ ಗುಹೆಗಳಿಗೂ ಸಲ್ಲುವ ಒಂದೇ ಚೀಟಿಯಲ್ಲ, ಇಂತಿಂಥ ಗುಹೆ, ಇಂತಿಂಥ ಗಣಿ ಎಂದು ಪಟ್ಟಿಯಾಗಿರುತ್ತದೆ. ನಾವು ಅಲ್ಲಿಂದ ಎರಡು ಸಂಗತಿಗಳನ್ನು ಎರವಲು ಪಡೆದೆವು. ದಾರಿಯನ್ನು ಮೊದಲೇ ನಿಗದಿ ಮಾಡಿ ಅದರಾಚೆ ಒಂದು ಹೆಜ್ಜೆಯೂ ಇಡದಿರುವುದು ಒಂದು. ಹೊರಗೊಬ್ಬರಿಗೆ ಗಡುವಿನ ಸಮಯ ಹೇಳಿ, ಆ ಹೊತ್ತಿಗೆ ನಮ್ಮಿಂದ ಸುದ್ದಿ ಬಾರದಿದ್ದರೆ ಕಾಯದೆ 112ಕ್ಕೆ ಕರೆ ಮಾಡಬೇಕೆಂದು ಗೊತ್ತುಮಾಡುವುದು ಇನ್ನೊಂದು. ಹೊರಗಿನ ನೆರವು ಎರಡು ಮೂರು ಗಂಟೆಗಿಂತ ಮೊದಲು ಸುರಂಗದ ಬಾಯಿಗೆ ಬರಲಾರದು ಎಂದೇ ನಾವು ಲೆಕ್ಕ ಹಿಡಿದೆವು.

ಗುತ್ತಿಗೆ ಮುಗಿದ ಗಣಿ, ಕಂದಾಯ ಜಮೀನು, ಗ್ರಾಮ ಪಂಚಾಯಿತಿ: ಅನುಮತಿಯ ಪತ್ರಗಳು ಮೂರು ವಾರ ತಿಂದವು, ಅದರಲ್ಲಿ ಬರೆಯುವಂಥದ್ದೇನಿಲ್ಲ.

ಫೆಬ್ರುವರಿಯ ಒಂದು ಬೆಳಿಗ್ಗೆ ಒಂಬತ್ತೂವರೆಗೆ ನಾವಿಬ್ಬರೂ ಮೇಸ್ತ್ರಿಗಳೊಂದಿಗೆ ಒಳಹೊಕ್ಕೆವು. ಪ್ರತಿ ಎರಡು ಮೀಟರಿಗೊಮ್ಮೆ ಮೇಸ್ತ್ರಿಗಳು ಹಾರೆಯಿಂದ ನೆತ್ತಿಯನ್ನು ಬಡಿದು ಕಿವಿಗೊಟ್ಟು ನಿಲ್ಲುತ್ತಿದ್ದರು. ಗಟ್ಟಿ ಕಲ್ಲು ಗಂಟೆಯಂತೆ ಕಣಕ್ ಎನ್ನುತ್ತದೆ. ಒಳಗೆ ಬಿಟ್ಟುಕೊಂಡ ಕಲ್ಲು ಖಾಲಿ ಡಬ್ಬದಂತೆ ದಬ್ ಎನ್ನುತ್ತದೆ, ಹಾರೆ ಹಿಡಿದ ಅಂಗೈಗೂ ಆ ವ್ಯತ್ಯಾಸ ತಿಳಿಯುತ್ತದೆ. 70ನೇ ಮೀಟರಿನವರೆಗೆ ಎರಡೇ ಕಡೆ ದಬ್ ಎಂದಿತು. ಒಂದನ್ನು ಪಕ್ಕಕ್ಕೆ ನಿಂತು ಕೆಡವಿದೆವು, ಮತ್ತೊಂದು ಕವಲಿನೊಳಗಿತ್ತು. 70ನೇ ಮೀಟರಿನಾಚೆ ನೀಲಗಿರಿ ತೊಲೆಗಳ ಆಸರೆಯಿತ್ತು. ಹೊರಗಿನಿಂದ ಗಟ್ಟಿಮುಟ್ಟಾಗಿ ಕಾಣುತ್ತಿದ್ದ ಒಂದು ತೊಲೆಗೆ ಹೆಬ್ಬೆರಳು ಒತ್ತಿದರೆ ಮೊದಲ ಗೆಣ್ಣಿನವರೆಗೂ ಒಳಗಿಳಿಯಿತು. ಹಾಗಾಗಿ 70 ಮೀಟರ್ ನಮ್ಮ ಕೊನೆಯ ಗೆರೆಯಾಯಿತು.

ಗಾಳಿಯ ಅಳತೆ ಅಂದು ಚೆನ್ನಾಗಿತ್ತು. ಹೊರಗೆ ಶೇ 20.9 ಇದ್ದ ಆಮ್ಲಜನಕ 70ನೇ ಮೀಟರಿನಲ್ಲಿ 20.7. ನಾವು ಕಾಗದದ ಮೇಲೆ ಬರೆದುಕೊಂಡ ಗೆರೆ 20.0: ಅದಕ್ಕಿಂತ ಕೆಳಗೆ ಹೋದರೆ ಎಲ್ಲಿದ್ದೇವೆಯೋ ಅಲ್ಲಿಂದಲೇ ಹಿಂದಿರುಗುವುದು, ಆ ಕ್ಷಣದಲ್ಲಿ ಚರ್ಚೆ ಬೇಡ. ಅನಿಲ ಅಳೆಯುವ ಮೀಟರಿನ ಎಚ್ಚರಿಕೆಯ ಕೂಗು 19.5ಕ್ಕೆ ಹೊಂದಿಸಿರುತ್ತದೆ, ಆದರೆ ಅದು ಕೂಗುವವರೆಗೆ ಕಾಯುವುದೆಂದರೆ ನಿರ್ಧಾರವನ್ನು ಯಂತ್ರಕ್ಕೆ ಬಿಟ್ಟುಕೊಟ್ಟಂತೆ.

ಕವಲಿನ ತುದಿಯಲ್ಲಿ ಬಾವಲಿಗಳಿದ್ದವು. ಒಳಗಿನಿಂದ ಟಿಕ್ ಟಿಕ್ ಎಂಬ ಸದ್ದು ಬರಿಕಿವಿಗೇ ಕೇಳುತ್ತಿತ್ತು, ಕವಲಿನ ಬಾಯಿಯಲ್ಲಿ ಬಿದ್ದ ಹಿಕ್ಕೆಯಲ್ಲಿ ಅತ್ತಿಯ ಬೀಜಗಳಿದ್ದವು. ಹಣ್ಣು ತಿನ್ನುವ ಬಾವಲಿಗಳು ಸಾಮಾನ್ಯವಾಗಿ ಕಣ್ಣನ್ನೇ ನಂಬುತ್ತವೆ. ಕತ್ತಲ ಗುಹೆಯಲ್ಲಿ ವಾಸಿಸುವ ರೂಸೆಟಸ್ ಎಂಬ ಕುಲದವು ಮಾತ್ರ ನಾಲಿಗೆಯಿಂದ ಟಿಕ್ ಎನಿಸಿ, ಪ್ರತಿಧ್ವನಿ ಹಿಡಿದು ಹಾರುತ್ತವೆ. ನಾವು ಕವಲಿನ ತುದಿಯವರೆಗೆ ಹೋಗದೆ, ಆ ಸಂಜೆ ಸುರಂಗದ ಹೊರಗೆ ಬೇಲಿಯ ಮರೆಯಲ್ಲಿ ಕುಳಿತು, ಹೊರಹಾರುವವನ್ನು ಎಣಿಸಿದೆವು. 212 ಲೆಕ್ಕಕ್ಕೆ ಸಿಕ್ಕವು. ಅವುಗಳ ಮರಿಗಳು ಮಾರ್ಚ್ ಹೊತ್ತಿಗೆ, ಮತ್ತೆ ಮಳೆಗಾಲದ ನಡುವೆ, ಹೀಗೆ ವರ್ಷಕ್ಕೆರಡು ಕಾಲದಲ್ಲಿ ಹುಟ್ಟುತ್ತವೆ, ಒಂದು ಹೆರಿಗೆಗೆ ಒಂದೇ ಮರಿ. ಇದು ನಮಗೆ ಗೊತ್ತಿತ್ತು. ಗೊತ್ತಿದ್ದೂ ಭೇಟಿಯನ್ನು ಏಪ್ರಿಲ್‌ನಲ್ಲಿ ಇಟ್ಟುಕೊಂಡೆವು, ಏಕೆಂದರೆ ಕಾಲೇಜಿನ ಪರೀಕ್ಷೆಯ ವೇಳಾಪಟ್ಟಿ ಹಾಗಿತ್ತು. ಕವಲಿಗೆ ಯಾರೂ ಕಾಲಿಡದಿದ್ದರೆ ಸಾಕೆಂದು ನಮಗೆ ನಾವೇ ಹೇಳಿಕೊಂಡೆವು. ಇದು ಈ ಪ್ರಕರಣದ ಮೊದಲ ತಪ್ಪು, ಉಳಿದದ್ದಕ್ಕೆಲ್ಲ ಬಾಗಿಲು ತೆರೆದದ್ದು ಇದೇ ಎಂದು ಈಗ ಅನಿಸುತ್ತದೆ. ಏಪ್ರಿಲ್‌ನಲ್ಲಿ ಮತ್ತೊಮ್ಮೆ ತಪಾಸಣೆ ಮಾಡಬೇಕೆಂದು ಬರೆದುಕೊಂಡಿದ್ದೆವು, ಅದನ್ನೂ ಮಾಡಲಿಲ್ಲ.

ಏಪ್ರಿಲ್‌ನ ಮಧ್ಯಾಹ್ನ

ಬೆಳಿಗ್ಗೆ ಒಂಬತ್ತಕ್ಕೆ ಬರಬೇಕಿದ್ದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ವಿದ್ಯಾರ್ಥಿಗಳು ತಲುಪಿದಾಗ ಮಧ್ಯಾಹ್ನ ಒಂದೂವರೆ. ಊಟ, ಹೆಲ್ಮೆಟ್ಟು, ಮಾಸ್ಕು, ಹೆಡ್‌ಲ್ಯಾಂಪು ಎಲ್ಲ ಮುಗಿಯುವಷ್ಟರಲ್ಲಿ ಎರಡೂಮುಕ್ಕಾಲು. ಮಾಸ್ಕನ್ನು ಕೆಲವರು ಗಲ್ಲಕ್ಕೆ ಇಳಿಸಿಕೊಂಡಿದ್ದರು. ಬಾವಲಿ ಹಿಕ್ಕೆಯ ಧೂಳಿನಲ್ಲಿ ಬೆಳೆಯುವ ಶಿಲೀಂಧ್ರದಿಂದ ಹಿಸ್ಟೋಪ್ಲಾಸ್ಮೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರಬಹುದೆಂದು ತರಬೇತುದಾರರು ವಿವರಿಸಿದ ಮೇಲೆ ಮೇಲಕ್ಕೆ ಎಳೆದುಕೊಂಡರು. ಎಲ್ಲರ ಬೂಟುಗಳನ್ನೂ ಸೋಪಿನ ನೀರಿನಲ್ಲಿ ಉಜ್ಜಿಸಿದರು. ಅಮೆರಿಕದಲ್ಲಿ 2006ರಿಂದೀಚೆಗೆ ಬಿಳಿಮೂಗಿನ ರೋಗ ಲಕ್ಷಾಂತರ ಬಾವಲಿಗಳನ್ನು ಕೊಂದಿದೆ. ಅದರ ಶಿಲೀಂಧ್ರ ಗುಹೆಯಿಂದ ಗುಹೆಗೆ ಜನರ ಬಟ್ಟೆ ಬೂಟುಗಳಿಗೆ ಅಂಟಿಯೂ ಸಾಗಬಲ್ಲದು. ಮೇಘಾಲಯದ ಕೆಸರು ಮೆತ್ತಿದ ತಮ್ಮ ಬೂಟನ್ನು ಇಲ್ಲಿಗೆ ತರಬಾರದೆಂಬ ಶಿಸ್ತು ಅವರಿಗೆ ಅಭ್ಯಾಸವಾಗಿಹೋಗಿತ್ತು.

ತಂಡವನ್ನು ಏಳು ಏಳರಂತೆ ಎರಡು ಸರದಿ ಮಾಡಿದೆವು. ಮೊದಲ ಸರದಿಯೊಡನೆ ಮುಂದೆ ತರಬೇತುದಾರರು, ಹಿಂದೆ ನಾನು. ಎರಡನೆಯ ಸರದಿ ಅವರ ಸಹಾಯಕರು ಮತ್ತು ಕಾಲೇಜಿನ ಉಪನ್ಯಾಸಕರೊಂದಿಗೆ ಮರದ ನೆರಳಲ್ಲಿ. ಗಡುವು ನಾಲ್ಕೂಕಾಲು. ಪಶ್ಚಿಮದಲ್ಲಿ ಮೋಡ ಏರುತ್ತಿತ್ತು. ಮಾವಿನ ಕಾಲದ ಮಳೆ ಬರುವ ಮುನ್ನ ಇರುವ ಉಸಿರುಕಟ್ಟಿದಂಥ ಸೆಕೆ.

ಇಲ್ಲಿ ಗಾಳಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದೇ ಬಾಯಿರುವ ಸುರಂಗ ಉಸಿರಾಡುತ್ತದೆ. ಹೊರಗೆ ವಾಯುಭಾರ ಏರಿದರೆ ಹೊರಗಾಳಿ ಒಳನುಗ್ಗುತ್ತದೆ, ಇಳಿದರೆ ಒಳಗಿನ ಹಳೆಯ ಗಾಳಿ ತುದಿಯಿಂದ ಬಾಯಿಯತ್ತ ಹೊರಡುತ್ತದೆ. ನಮ್ಮ ಸೀಮೆಯಂಥ ಉಷ್ಣವಲಯದಲ್ಲಿ ವಾಯುಭಾರ ಪ್ರತಿದಿನವೂ ಬೆಳಿಗ್ಗೆ ಹತ್ತರ ಸುಮಾರಿಗೆ ಮೇಲೇರಿ, ಸಂಜೆ ನಾಲ್ಕರ ಸುಮಾರಿಗೆ ತಳ ಮುಟ್ಟುತ್ತದೆ. ಗುಡುಗುಮೋಡ ಹತ್ತಿರವಾದಾಗ ಅದರ ಏರಿಳಿತ ಇನ್ನಷ್ಟು. ಫೆಬ್ರುವರಿಯ ನಮ್ಮ ಅಳತೆ ಬೆಳಿಗ್ಗೆ ಒಂಬತ್ತೂವರೆಯದು, ಅಂದರೆ ಸುರಂಗ ಉಸಿರು ಎಳೆದುಕೊಳ್ಳುವ ಹೊತ್ತಿನದು. ಈಗ ನಾವು ಒಳಹೋಗುತ್ತಿದ್ದದ್ದು ಅದು ಉಸಿರು ಬಿಡುವ ಹೊತ್ತಿಗೆ. ಬಸ್ಸು ಕೆಟ್ಟು ನಿಂತದ್ದು ನಮ್ಮ ಸುರಕ್ಷತೆಯ ಲೆಕ್ಕವನ್ನು ಬದಲಿಸಿದೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಎರಡು ಐವತ್ತಕ್ಕೆ ಒಳಹೊಕ್ಕೆವು. ಹತ್ತನೇ ಮೀಟರಿನಲ್ಲಿ 20.7, ಕವಲಿನ ಬಳಿ 20.3. ನಾನು ಅಲ್ಲಿ ನಿಂತು, ತಗ್ಗಿದ ತಲೆಯಲ್ಲಿ, ನೋಟುಪುಸ್ತಕದಲ್ಲಿ ಅದನ್ನು ಬರೆದುಕೊಂಡೆ. 45ನೇ ಮೀಟರಿನಲ್ಲಿ 20.1. 55ನೇ ಮೀಟರಿನಲ್ಲಿ 19.9. ತರಬೇತುದಾರರು ಮೀಟರನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಿ ಮತ್ತೊಮ್ಮೆ ನೋಡಿದರು, 19.8. ಕ್ರೋಮೈಟ್ ಪಟ್ಟೆ ಇನ್ನು ಹತ್ತೇ ಮೀಟರ್ ಮುಂದಿತ್ತು, ಅವರ ದೀಪದ ತುದಿಗೆ ಅದರ ಕಪ್ಪು ಹೊಳಪು ಕಾಣಿಸಿಯೂ ಇತ್ತು. ಅವರು ಆ ಕಡೆ ನೋಡಲೂ ಇಲ್ಲ. "ಇಲ್ಲಿಗೆ ಸಾಕು, ಎಲ್ಲರೂ ನಿಂತಲ್ಲೇ ತಿರುಗಿ" ಎಂದು ಮಾಮೂಲಿ ದನಿಯಲ್ಲಿ ಹೇಳಿದರು. ತಲೆಗಳನ್ನು ಎಣಿಸಿದರು, ಏಳು. ಹೊತ್ತು ಮೂರು ಎಂಟು. ತಿರುಗಿದಾಗ ಸಾಲು ತಲೆಕೆಳಗಾಗಿ, ಕೊನೆಯವನಾಗಿದ್ದ ನಾನು ಮೊದಲಿಗನಾದೆ.

ಹೊರಬಂದ ಮೇಲೆ ಉಪನ್ಯಾಸಕರು ಬೇಸರದಿಂದಲೇ ಕೇಳಿದರು: "ಗಣಿ ನಿಯಮದಲ್ಲೇ 19 ಇದ್ದರೆ ಸಾಕು ಅಂತ ಇದೆಯಲ್ಲ ಸರ್, 19.9ಕ್ಕೆ ಯಾಕೆ ವಾಪಸ್ ಬಂದಿರಿ?" ಪ್ರಶ್ನೆ ನ್ಯಾಯವಾದದ್ದೇ. 1961ರ ಲೋಹ ಗಣಿಗಳ ನಿಯಮಾವಳಿ ಆಮ್ಲಜನಕ ಶೇ 19ಕ್ಕಿಂತ ಕಡಿಮೆಯಿರಬಾರದು ಎನ್ನುತ್ತದೆ, ಆದರೆ ಅದೇ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಶೇ 0.5 ಮೀರಬಾರದು ಎಂದೂ ಹೇಳುತ್ತದೆ. ನಮ್ಮ ಕೈಯಲ್ಲಿದ್ದ ಮೀಟರು, ಇಂಥ ಕೆಲಸಕ್ಕೆ ಎಲ್ಲರೂ ಬಳಸುವ ನಾಲ್ಕು ಅನಿಲದ ಮೀಟರು, ಇಂಗಾಲದ ಡೈಆಕ್ಸೈಡನ್ನು ಅಳೆಯುವುದೇ ಇಲ್ಲ. ಅಳೆಯದ್ದನ್ನು ಲೆಕ್ಕದಿಂದ ಊಹಿಸಬೇಕು. ತೊಲೆ ಕೊಳೆಯುವಾಗ, ಹಿಕ್ಕೆ ಹುದುಗುವಾಗ ಗಾಳಿಯಿಂದ ಕಳೆದ ಆಮ್ಲಜನಕದ ಜಾಗಕ್ಕೆ ಹೆಚ್ಚುಕಡಿಮೆ ಅಷ್ಟೇ ಇಂಗಾಲದ ಡೈಆಕ್ಸೈಡ್ ಬಂದು ಕೂರುತ್ತದೆ. 20.9ರಿಂದ 19.9ಕ್ಕೆ ಇಳಿದಿದೆ ಎಂದರೆ ಅದು ಶೇ 1ರ ಹತ್ತಿರವಿರಬಹುದು, ಅಂದರೆ ನಿಯಮದ ಮಿತಿಯ ಎರಡರಷ್ಟು. ಎಲ್ಲಿಂದಲೋ ಅನಿಲವೇ ಒಸರಿ ಗಾಳಿಯನ್ನು ಪಕ್ಕಕ್ಕೆ ತಳ್ಳಿದ್ದರಂತೂ ಅದೇ 19.9ರ ಹಿಂದೆ ಶೇ 5ರಷ್ಟು ಅಡಗಿರಲು ಸಾಧ್ಯ. ಕಲ್ಲಿನಲ್ಲಿರುವ ಖನಿಜ ತುಕ್ಕು ಹಿಡಿದು ಆಮ್ಲಜನಕ ಕಳೆದಿದ್ದರೆ ಮಾತ್ರ ಈ ಭಯವಿಲ್ಲ. ಮೂರರಲ್ಲಿ ಯಾವುದೆಂದು ಆಮ್ಲಜನಕದ ಅಂಕಿ ಒಂದೇ ಹೇಳಲಾರದು. ಮೊಣಕಾಲಿನ ಮಟ್ಟದಲ್ಲಿ ಅಳತೆ ಇನ್ನಷ್ಟು ಇಳಿದದ್ದು ಭಾರವಾದ ಅನಿಲ ತಳದಲ್ಲಿ ತಂಗಿರಬಹುದೆಂಬ ಗುಮಾನಿಗೆ ಪುಷ್ಟಿ ಕೊಟ್ಟಿತ್ತು.

"ನಮ್ ಕಾಲ್ದಲ್ಲಿ ದೀಪ ಆರಿದ್ರೆ ತಿರುಗ್ತಿದ್ವಿ" ಎಂದು ಮೇಸ್ತ್ರಿಗಳು ನಕ್ಕರು. ಮೇಣದ ದೀಪ ಆರುವುದು ಆಮ್ಲಜನಕ ಶೇ 16-17ಕ್ಕೆ ಇಳಿದಾಗ. ಅಷ್ಟು ಹೊತ್ತಿಗೆ ಹಿಡಿದವನ ತಲೆಯೂ ಸರಿಯಾಗಿ ಓಡುತ್ತಿರುವುದಿಲ್ಲ.

ಹತ್ತು ಕಲ್ಲು

ಈ ಚರ್ಚೆ ನಡೆದದ್ದು ಆಮೇಲೆ. ಅದಕ್ಕೂ ಮುನ್ನ, ನಾವು ಬಾಯಿಯಿಂದ ಹೊರಬಂದ ಮರುನಿಮಿಷವೇ, ಅಂದರೆ ಮೂರು ಹದಿನೈದಕ್ಕೆ, ಇನ್ನೊಂದು ನಡೆಯಿತು. ಸುರಂಗದ ಬಾಯಿಯ ಪಕ್ಕದ ಕಲ್ಲಿನ ಮೇಲೆ ಕುಳಿತಿದ್ದ ಮೇಸ್ತ್ರಿಗಳು ಎದ್ದು ನಿಂತು, "ಹತ್ತು ಕಲ್ಲು ಅದೆ ಸ್ವಾಮಿ, ಆಚೆ ಬಂದೋರು ಒಂಬತ್ತೇ ಜನ" ಎಂದರು. ಅವರ ಕಾಲಬಳಿ ಗೋಲಿಯಷ್ಟು ದಪ್ಪದ ಬೆಣಚುಕಲ್ಲುಗಳು ಒಂದೇ ಸಾಲಿನಲ್ಲಿದ್ದವು. ಒಳಹೋದ ಪ್ರತಿಯೊಬ್ಬರಿಗೂ ಒಂದೊಂದು ಕಲ್ಲು ಇಟ್ಟಿದ್ದರು, ಯಾರೂ ಅವರಿಗೆ ಹಾಗೆ ಹೇಳಿರಲಿಲ್ಲ. ಗಣಿಯಲ್ಲಿ ಇಳಿಯುವವನು ಟೋಕನ್ ಕೊಟ್ಟು ಹೋಗಬೇಕಾಗಿದ್ದ ಕಾಲದ ಅಭ್ಯಾಸ ಅದು.

ತರಬೇತುದಾರರ ಎಣಿಕೆ ಪ್ರಕಾರ ಏಳು ವಿದ್ಯಾರ್ಥಿಗಳು ಹೋಗಿದ್ದರು, ಏಳು ಮಂದಿ ಬಂದಿದ್ದರು, ಲೆಕ್ಕ ಸರಿಯಿತ್ತು. ಲೆಕ್ಕ ಸರಿಯಿದ್ದದ್ದೇ ತೊಡಕು. ಎರಡನೆಯ ಸರದಿಯ ವಿದ್ಯಾರ್ಥಿನಿಯೊಬ್ಬಳು, ಮಳೆ ಬಂದರೆ ತನ್ನ ಸರದಿಯೇ ತಪ್ಪಿಹೋದೀತೆಂದು, ಗೆಳತಿಯ ಹಿಂದೆ ಮೊದಲ ಸಾಲಿಗೆ ಸೇರಿಕೊಂಡಿದ್ದಳು. ಒಳಹೋದ ವಿದ್ಯಾರ್ಥಿಗಳು ಎಂಟು. ನಾವು ಒಳಗೆ ಎಣಿಸಿದ್ದು ಏಳು. ನಾವು ಎಣಿಸುತ್ತಿದ್ದದ್ದು ಸಂಖ್ಯೆಯನ್ನು, ಹೆಸರುಗಳನ್ನಲ್ಲ.

ತರಬೇತುದಾರರು ಯಾರನ್ನೂ ಜೊತೆಗೆ ಬಿಟ್ಟುಕೊಳ್ಳದೆ ಮೀಟರು, ಎರಡು ದೀಪ ಹಿಡಿದು ಒಳಹೋದರು. ನಾನು ಬಾಯಿಯಲ್ಲಿ ನಿಂತೆ. ಆಕೆ ಕವಲಿನೊಳಗೆ ನಾಲ್ಕು ಮೀಟರಿನಲ್ಲಿ ಗೋಡೆಗೆ ಒರಗಿ, ತಲೆಯ ಮೇಲೆ ಎರಡೂ ಕೈ ಹೊತ್ತು ಕುಳಿತಿದ್ದಳಂತೆ. ಮೂರು ಇಪ್ಪತ್ತೊಂದಕ್ಕೆ ಇಬ್ಬರೂ ಹೊರಬಂದರು. ನಾನು ತಲೆ ತಗ್ಗಿಸಿ 20.3 ಎಂದು ಬರೆದುಕೊಳ್ಳುತ್ತಿದ್ದಾಗ ಆಕೆ ಬಾವಲಿಯ ಚಿತ್ರ ತೆಗೆಯಲೆಂದು ಕವಲಿಗೆ ಹೊರಳಿದ್ದಳು. ಫ್ಲ್ಯಾಶ್ ಬೆಳಗಿದೊಡನೆ ಬಾವಲಿಗಳು ಎದ್ದವು. ಬಗ್ಗುವಾಗ ಹೆಡ್‌ಲ್ಯಾಂಪು ಕಳಚಿ ಕೆಸರಿಗೆ ಬಿದ್ದು ಆರಿಹೋಯಿತು. ನಾವು ಹಿಂದಿರುಗಿ ಹಾದುಹೋದ ಸದ್ದು ಕೇಳಿಸಿಯೂ ಆಕೆ ಕೂಗಲಿಲ್ಲ. ಏಕೆಂದು ನಾನು ಕೇಳಿದಾಗ, "ನನ್ನ ಬ್ಯಾಚ್ ಅಲ್ಲವಲ್ಲ ಸರ್, ಬೈತಾರೆ ಅಂತ ಸುಮ್ಮನಾದೆ, ಆಮೇಲೆ ಕೂಗೋಕೆ ಧೈರ್ಯ ಬರಲಿಲ್ಲ" ಎಂದಳು. ವಿದ್ಯಾರ್ಥಿಗಳು ಬಂದಾಗಿನಿಂದ ನಾವು ಕೊಟ್ಟ ಎಚ್ಚರಿಕೆಗಳೆಲ್ಲ ಕಟ್ಟುನಿಟ್ಟಿನ ದನಿಯಲ್ಲೇ ಇದ್ದವು. ತಪ್ಪು ಮಾಡಿದವರು ಮೊದಲು ಕೂಗಬೇಕು, ಬೈಗುಳದ ಮಾತು ಆಮೇಲೆ ಎಂದು ನಾವು ಒಂದು ಸಲವೂ ಹೇಳಿರಲಿಲ್ಲ.

ಫೆಬ್ರುವರಿಯಲ್ಲಿ ದಬ್ ಎಂದಿದ್ದ ಎರಡನೆಯ ಕಲ್ಲು ಆ ಕವಲಿನ ನೆತ್ತಿಯಲ್ಲೇ ಇತ್ತು, ಆಕೆ ಕುಳಿತಲ್ಲಿಂದ ಎರಡು ಮಾರು ಆಚೆಗೆ.

ತರಬೇತುದಾರರು ಕವಲಿನ ನೆಲದಲ್ಲಿ ಎರಡು ಮರಿಗಳನ್ನು ಕಂಡರು. ತಾಯಿಯ ಹೊಟ್ಟೆಗೆ ಕಚ್ಚಿಕೊಂಡಿರುವ ಮರಿ ಗಾಬರಿಯ ಹಾರಾಟದಲ್ಲಿ ಜಾರಿ ಬೀಳುತ್ತದೆ. ಒಂದು ಅಲುಗುತ್ತಿತ್ತು. ಬರಿಗೈಯಲ್ಲಿ ಬಾವಲಿಯನ್ನು ಮುಟ್ಟಬಾರದು, ಮುಟ್ಟಿ ಮೇಲೆತ್ತಿದರೆ ಎಲ್ಲಿಡಬೇಕೆಂದು ನಮಗೆ ತಿಳಿಯದು, ದೀಪ ಹಿಡಿದು ಅಲ್ಲೇ ನಿಂತರೆ ಉಳಿದವು ಇಳಿಯುವುದಿಲ್ಲ. ಕತ್ತಲು ಮರಳಿದರೆ ತಾಯಿ ಮರಿಯನ್ನು ಎತ್ತಿಕೊಳ್ಳುವ ಸಾಧ್ಯತೆಯಿದೆ. ಆದ್ದರಿಂದ ಅವರು ಆಕೆಯನ್ನು ಕರೆದುಕೊಂಡು ಹಾಗೆಯೇ ಹೊರಬಂದರು. ಆ ತೀರ್ಮಾನ ಸರಿ ಎಂದೇ ನನ್ನ ಎಣಿಕೆ, ಆದರೂ ಆ ಸಂಜೆ ಅವರು ಹೆಚ್ಚು ಮಾತಾಡಲಿಲ್ಲ. ಎರಡನೆಯ ಸರದಿಯನ್ನು ರದ್ದು ಮಾಡಿದೆವು. ಹೊರಗಿನ ತ್ಯಾಜ್ಯದ ಗುಡ್ಡೆಯಲ್ಲೇ ಕ್ರೋಮೈಟ್ ತುಣುಕುಗಳನ್ನು ತೋರಿಸಿ ಪಾಠ ಮುಗಿಸಿದೆವು. ಮೊದಲ ಸರದಿಯ ಹುಡುಗನೊಬ್ಬ ಒಳಗಿನಿಂದ ಒಂದು ಮುರಿದ ಚಾಣವನ್ನು ಜೇಬಿಗೆ ಹಾಕಿಕೊಂಡು ಬಂದದ್ದೂ ಆಗ ಹೊರಬಿತ್ತು. ಅದು ಬಿದ್ದಿದ್ದ ಜಾಗ, ಅದರ ಮೇಲಿನ ಗೋಡೆಯ ಕೈಚಾಣದ ಗೀರು, ಗೂಡಿನಲ್ಲಿ ದೀಪದ ಮಸಿ, ಇವು ಒಟ್ಟಿಗಿದ್ದರೆ ಯಾರು ಯಾವ ಕೈಯಿಂದ ಎತ್ತ ಮುಖ ಮಾಡಿ ಕೆಲಸ ಮಾಡಿದರೆಂದು ಓದಬಹುದು; ಜೇಬಿನಲ್ಲಿ ಅದು ಬರೀ ಕಬ್ಬಿಣ. ಅದನ್ನು ಮೇಸ್ತ್ರಿಗಳ ವಶಕ್ಕೆ ಕೊಟ್ಟೆವು.

ನಂತರ

ಎಂಟು ದಿನ ಬಿಟ್ಟು ನಾನೂ ತರಬೇತುದಾರರೂ ಮತ್ತೆ ಹೊರಗೆ ಕುಳಿತು ಎಣಿಸಿದಾಗ ಸಿಕ್ಕ ಲೆಕ್ಕ 147. ಫೆಬ್ರುವರಿಯ 212ಕ್ಕೂ ಇದಕ್ಕೂ ನಡುವಿನ ವ್ಯತ್ಯಾಸವನ್ನು ಆ ಫ್ಲ್ಯಾಶಿನ ತಲೆಗೆ ಕಟ್ಟುವುದು ಸುಲಭ, ಆದರೆ ಎರಡು ಎಣಿಕೆಯಿಂದ ಅಷ್ಟು ಹೇಳಲಾಗದು. ಋತು ಬೇರೆ, ಹಣ್ಣಾದ ಮರಗಳು ಬೇರೆ, ಅಂದು ಗಾಳಿಯೂ ಇತ್ತು. ತಿಂಗಳಿಗೊಮ್ಮೆ ಎಣಿಸುವುದೆಂದು ನಿಶ್ಚಯಿಸಿ, ಆ ಕೆಲಸವನ್ನು ಅದೇ ವಿದ್ಯಾರ್ಥಿಗಳಿಗೆ ವಹಿಸಿದೆವು. ಒಳಗೆ ಕಾಲಿಡದೆ ಮಾಡಬಹುದಾದ ಅಧ್ಯಯನ ಅದು.

ಪಂಚಾಯಿತಿಗೆ ಈ ಸುದ್ದಿ ತಲುಪಿದ ಕೂಡಲೇ ಜೆಸಿಬಿ ತಂದು ಬಾಯಿ ಮುಚ್ಚಿಬಿಡೋಣ ಎಂಬ ಮಾತು ಬಂತು. ಹಿಂದಿನ ವರ್ಷ ಯಾರೋ ಪಂಜು ಹೊತ್ತಿಸಿಕೊಂಡು ಒಳಹೋಗಿ ಗೋಡೆಗೆ ಬಣ್ಣ ಬಳಿದು ಬಂದದ್ದರ ಸಿಟ್ಟೂ ಅದರ ಹಿಂದಿತ್ತು. ಮಣ್ಣು ಸುರಿದು ಮುಚ್ಚಿದರೆ ಬಾವಲಿಗಳು ಒಳಗೇ ಸಾಯುತ್ತವೆ. ಹಣ್ಣು ಬಾವಲಿಗಳು ನಮ್ಮ ವನ್ಯಜೀವಿ ಕಾಯ್ದೆಯಲ್ಲಿ ಬಹಳ ಕಾಲ ಇಲಿ, ಕಾಗೆಗಳೊಂದಿಗೆ ಉಪದ್ರವಿಗಳ ಪಟ್ಟಿಯಲ್ಲಿದ್ದವು, 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು ಎಂಬುದನ್ನು ಸದಸ್ಯರಿಗೆ ತಿಳಿಸಿದೆವು. ಕೋಲಾರ ಜಿಲ್ಲೆಯಲ್ಲಿ ಒಂದೇ ಒಂದು ಗುಹೆಯಲ್ಲಿ ಉಳಿದಿರುವ ಎಲೆಮೂಗಿನ ಬಾವಲಿಯ ಸಂಗತಿ ಅವರಲ್ಲಿ ಒಬ್ಬರಿಗೆ ಆಗಲೇ ಗೊತ್ತಿತ್ತು, ಅದು ನಮ್ಮ ವಾದಕ್ಕಿಂತ ಹೆಚ್ಚು ಕೆಲಸ ಮಾಡಿತು. ಹೊರದೇಶಗಳಲ್ಲಿ ಹುಳ ತಿನ್ನುವ ಬಾವಲಿಗಳಿಗಾಗಿ ಸುಮಾರು 15 ಸೆಂಟಿಮೀಟರ್ ಅಂತರದ ಅಡ್ಡಸರಳಿನ ಬಾಗಿಲು ಇಡುತ್ತಾರೆ. ರೆಕ್ಕೆ ಅಗಲವಾದ ಹಣ್ಣು ಬಾವಲಿಗೆ ಅದೇ ಅಳತೆ ಒಗ್ಗುತ್ತದೆಂದು ನಂಬಿ ಬಾಯಿಗೇ ಸರಳು ಬಡಿಯುವುದು ಬೇಡವೆನಿಸಿತು. ಕೊನೆಗೆ ಬಾಯಿಯಿಂದ ಎಂಟು ಮೀಟರ್ ಈಚೆಗೆ ಕಲ್ಲುಕಂಬದ ತಂತಿಬೇಲಿ ಬಂತು, ಬೀಗದ ಕೈ ಪಂಚಾಯಿತಿಯಲ್ಲಿದೆ. ಮಾರ್ಚ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಯಾರಿಗೂ ಕೊಡುವುದಿಲ್ಲ. ಉಳಿದ ತಿಂಗಳುಗಳಲ್ಲೂ ಬೆಳಿಗ್ಗೆ ಹನ್ನೊಂದರೊಳಗೆ ಹೊರಬರುವ ತಂಡಕ್ಕೆ ಮಾತ್ರ, ಇಂಗಾಲದ ಡೈಆಕ್ಸೈಡ್ ಅಳೆಯುವ ಮೀಟರು ತೋರಿಸಿದ ಮೇಲೆ, ಹೆಸರು ಬರೆದ ತಗಡಿನ ಬಿಲ್ಲೆಗಳನ್ನು ಬಾಯಿಯ ಮೊಳೆಗೆ ನೇತುಹಾಕಿದ ಮೇಲೆ. ಬಿಲ್ಲೆಗಳನ್ನು ಕಾಯುವವರು ಮೇಸ್ತ್ರಿಗಳು. ದಿನಕ್ಕೆ ಇಷ್ಟೆಂದು ಕೂಲಿ ಗೊತ್ತಾಗಿದೆ.

ಆಕೆ ಆ ದಿನ ತೆಗೆದ ಚಿತ್ರಗಳನ್ನು ಯಾರಿಗೂ ಹಂಚದೆ ನನಗೆ ಕಳಿಸಿದಳು. ಎರಡೇ ಇವೆ. ಮೊದಲನೆಯದರಲ್ಲಿ ಮಸುಕಾದ ರೆಕ್ಕೆಗಳ ಹೊರತು ಏನೂ ಕಾಣುವುದಿಲ್ಲ. ಎರಡನೆಯದು ಗಾಬರಿಯಲ್ಲಿ ಬೆರಳು ತಾಗಿ ತಾನಾಗಿ ಸೆರೆಯಾದದ್ದು, ಹೊತ್ತು ಮೂರು ಹನ್ನೊಂದು. ಕವಲಿನ ಒಳಗಿನಿಂದ ಮುಖ್ಯ ಸುರಂಗದತ್ತ ನೋಡುವ ಆ ಚಿತ್ರದ ಅಂಚಿನಲ್ಲಿ, ಎದುರುಗೋಡೆಯ ಮೇಲೆ, ತಟ್ಟೆಯಗಲದ ಹಳದಿ ಬೆಳಕೊಂದಿದೆ. ಅದು ಹೊರಗಿನ ದಿಕ್ಕಿಗೆ ಸಾಗುತ್ತಿರುವ ನನ್ನ ಹೆಡ್‌ಲ್ಯಾಂಪಿನದು. ಪ್ರಕರಣದ ಕಡತದಲ್ಲಿ ಅದನ್ನು ಮೊದಲ ಪುಟಕ್ಕೆ ಅಂಟಿಸಿದ್ದೇನೆ.